ಉಣ್ಣೆಗೆ ಊದಿನಕಡ್ಡಿ ಬೇಡ

ದೊಡ್ಡನೆಕ್ಕುಂದಿಯ ಅಶ್ವತ್ಥಮ್ಮನ ಮನೆಯಲ್ಲಿ ಈಗ ಉಳಿದಿರುವುದು ಒಂದು ಹಸು, ಅದರ ಕರು. ಹೊಲವಿದ್ದ ಕಡೆ ಬಾಡಿಗೆ ರೂಮುಗಳೆದ್ದಿವೆ. ಮೊಮ್ಮಗಳು ಯಮುನಾ ಮೂರು ಹೊತ್ತೂ ಕರುವಿನ ಕೊರಳು ತಬ್ಬಿಕೊಂಡೇ ಇರುತ್ತಾಳೆ. ಒಂದು ಭಾನುವಾರ ಅವಳ ತಲೆ ಬಾಚುವಾಗ ಕಿವಿಯ ಹಿಂದೆ ಅಜ್ಜಿಯ ಬೆರಳಿಗೆ ಏನೋ ತಾಕಿತು. ಉಣ್ಣೆ! ರಕ್ತ ಹೀರಿ ಹರಳುಬೀಜದಂತೆ ಊದಿಕೊಂಡಿತ್ತು.

ಅಶ್ವತ್ಥಮ್ಮ ಗಾಬರಿಯಾಗಲಿಲ್ಲ. ಗಂಡ ಚಿಕ್ಕಬೈರಪ್ಪ ಇದ್ದಾಗ ಕೊಟ್ಟಿಗೆ ತುಂಬ ಎಂಟು ರಾಸು. ಕೆರೆಯಲ್ಲಿ ದನ ತೊಳೆದು ಬಂದವನು ಜಗುಲಿಯ ಮೇಲೆ ಬೆನ್ನು ಕೊಟ್ಟು ಕೂರುತ್ತಿದ್ದ. "ನೋಡೇ, ಎಷ್ಟು ಅಂಟ್ಕಂಡವೆ?" ಅವಳು ಊದಿನಕಡ್ಡಿಯ ಕೆಂಡ ತಾಗಿಸುತ್ತಿದ್ದಳು. "ಉಣ್ಣೆ ಸುಡೇ ಅಂದ್ರೆ ನನ್ನೇ ಸುಡ್ತೀಯಲ್ಲೇ!" ಎಂದು ಅವನು ನಗುತ್ತಿದ್ದ.

ಈಗಲೂ ಅವಳು ದೇವರ ಮುಂದಿನ ಊದಿನಕಡ್ಡಿ ಹಚ್ಚಿಕೊಂಡು ಬಂದಳು. ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದ ಬಾಡಿಗೆ ರೂಮಿನ ಮಹಾನಂದಾ ಓಡಿಬಂದಳು.

"ತಡೀರಿ ಅಮ್ಮಾರ! ಕೂಸಿನ ಕಿವಿಗೆ ಬೆಂಕಿ ಯಾಕ ಹಿಡೀತೀರಿ?"

"ಸುಟ್ರೆ ತಾನೇ ಬಿಡ್ತದೆ ಕಣಮ್ಮಿ. ಎಂಟು ದನ ಸಾಕಿದೋಳಿಗೆ ನೀನು ಏಳ್ಕೊಡ್ತೀಯಾ?"

"ನಮ್ಮೂರಾಗೂ ಹಂಗ ಮಾಡ್ತಿದ್ರು. ಸೀಮೆಎಣ್ಣಿ, ಸುಣ್ಣ ಎಲ್ಲಾ ಹಚ್ತಿದ್ರು. ಮೊನ್ನೆ ನಮ್ಮ ಫ್ಯಾಕ್ಟ್ರಿಗೆ ನರ್ಸಮ್ಮ ಬಂದು ಹೇಳಿದ್ರು. ಬಿಸಿ ತಾಗಿದ್ರ ಉಣ್ಣಿ ಒಳಗೇ ಕಾರತೈತಂತ. ಅದರಾಗ ರೋಗ ಇದ್ರ ನಮ್ಮ ಮೈಗೆ ಬರತೈತಿ."

"ನಮ್ಮೆಜಮಾನ್ರಿಗೆ ಏನಾಗಿತ್ತು?"

ಕೇಳಿದ ಮೇಲೆ ಅಶ್ವತ್ಥಮ್ಮನ ಬೆರಳಿಗೇ ನೆನಪಾಯಿತು. ಗಂಡನ ಕಿವಿಯ ಹಿಂದೆ ಅವರೆಕಾಳಿನಷ್ಟು ಕಲೆ. ತಾನೇ ಸುಟ್ಟದ್ದು. ಕೀವಾಗಿ ಹದಿನೈದು ದಿನ ಅವನು ಆ ಮಗ್ಗುಲಿಗೆ ಮಲಗಿರಲಿಲ್ಲ. ಕೊನೆಯ ಸ್ನಾನ ಮಾಡಿಸುವಾಗಲೂ ಕಲೆ ಅಲ್ಲೇ ಇತ್ತು.

ಊದಿನಕಡ್ಡಿಯನ್ನು ತುಳಸಿಯ ಮಣ್ಣಿಗೆ ಒತ್ತಿ ಆರಿಸಿದಳು. "ಆಯ್ತು. ನೀನೇ ತೆಗಿ."

ಮಹಾನಂದಾ ರೂಮಿನಿಂದ ಸಣ್ಣ ಮೊನೆಯ ಚಿಮಟ ತಂದಳು. ಫ್ಯಾಕ್ಟರಿಯಲ್ಲಿ ದಿನವಿಡೀ ಎಳ್ಳಿನಷ್ಟು ಬಿಡಿಭಾಗಗಳನ್ನು ಚಿಮಟದಲ್ಲೇ ಎತ್ತಿ ಕೂರಿಸುವ ಕೈ ಅದು.

"ಹೊಟ್ಟಿ ಹಿಡೀಬಾರದ್ರಿ, ಒಡೀತೈತಿ. ಚರ್ಮಕ್ಕ ಹತ್ತಿ, ಬಾಯಿ ಹತ್ರ ಹಿಡೀಬೇಕು. ತಿರುವಬಾರದು. ನೆಟ್ಟಗ ಮ್ಯಾಲಕ್ಕ, ಸಾವಕಾಶ..."

"ಅಜ್ಜೀ, ನೋಯತ್ತಾ?"

"ಇಲ್ಲ ಕಂದ. ನನ್ನ ಕೈ ಇಡ್ಕೋ."

ಉಣ್ಣೆ ಇಡಿಯಾಗಿ ಬಂತು. ಹಳೇ ಅಭ್ಯಾಸ, ಅಶ್ವತ್ಥಮ್ಮನ ಹೆಬ್ಬೆರಳು ಅದನ್ನು ಕುಕ್ಕಿ ಸಾಯಿಸಲು ಮುಂದಾಯಿತು.

"ಕೈಲೆ ಕುಕ್ಕಬ್ಯಾಡ್ರೀ ನಮ್ಮವ್ವಾ! ಅದರ ರಕ್ತದಾಗೂ ರೋಗ ಇರತೈತಿ." ಮಹಾನಂದಾ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಗಂಟು ಕಟ್ಟಿದಳು. ಗಾಯವನ್ನೂ ಕೈಗಳನ್ನೂ ಸೋಪಿನಿಂದ ತೊಳೆದರು. "ಮೂರ್ನಾಕು ವಾರ ನೋಡ್ರಿ. ಜ್ವರ, ತಲಿನೋವು, ಗುಳ್ಳಿ ಬಂದ್ರ ದವಾಖಾನಿಗೆ ಹೋಗಿ ಉಣ್ಣಿ ಕಚ್ಚಿತ್ತು ಅಂತ ಹೇಳ್ರಿ."

ಅಜ್ಜಿ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಸಿದಳು. ಜ್ವರ ಬರಲಿಲ್ಲ. ತಿಂಗಳ ಬಳಿಕ ತಲೆ ಬಾಚುವಾಗ ಅವಳ ಬೆರಳು ಮೊಮ್ಮಗಳ ಕಿವಿಯ ಹಿಂದೆ ಹುಡುಕಿತು. ಅಲ್ಲಿ ಏನೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ದನವೋ ನಾಯಿಯೋ ಇದ್ದರೆ, ಸಂಜೆ ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ಒಮ್ಮೆ ಕೈಯಾಡಿಸಿ. ಉಣ್ಣೆ ಸಿಕ್ಕರೆ ಬೆಂಕಿಪೊಟ್ಟಣ ಹುಡುಕಬೇಡಿ, ಚಿಮಟ ಹುಡುಕಿ. ಅದರ ಬಾಯಿಯ ಚೂರು ಚರ್ಮದೊಳಗೆ ಉಳಿದರೆ ಕೆದಕಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಮ್ಮವರ ಮೈಮೇಲೆ ನಿಮ್ಮ ಕೈಯಿಂದ ಸುಟ್ಟ ಕಲೆ ಉಳಿಯದಿರಲಿ.