ಎಡ ಹೆಗಲು

ಹೊಲಿಯುವವರಿಗೆ ಎರಡು ಕೈಗೂ ಕೆಲಸ, ಬಾಯಿಗೆ ಮಾತ್ರ ಬಿಡುವು. ದರ್ಜಿಯಕ್ಕ ಮನೆಯವರ ಗ್ರೂಪಿನಲ್ಲಿ ಅಕ್ಷರ ಒತ್ತುವ ಗೋಜಿಗೆ ಹೋಗದೆ ಮಾತನ್ನೇ ಕಳಿಸುತ್ತಿದ್ದುದು ಅದಕ್ಕೇ. ಮಿಷನ್ನಿನ ಪಕ್ಕದ ರೀಲು ಸ್ಟ್ಯಾಂಡಿನಿಂದ ಬಿಳಿ ದಾರದ ರೀಲು ತೆಗೆದು, ಆ ಜಾಗದಲ್ಲಿ ಫೋನು ಆನಿಸಿಟ್ಟಿದ್ದಳು. ಮೈಕಿನ ಗುರುತನ್ನು ಹೆಬ್ಬೆರಳಿನಿಂದ ಒಮ್ಮೆ ಮೇಲಕ್ಕೆ ತಳ್ಳಿ, ಪೆಡಲಿನ ಮೇಲೆ ಕಾಲಿಟ್ಟು ಶುರು ಮಾಡಿದಳೆಂದರೆ, ಎದುರು ಮನೆಯ ಬೆಕ್ಕು ಮರಿ ಹಾಕಿದ್ದರಿಂದ ಹಿಡಿದು, ಪ್ಯಾಂಟಿನ ಸೊಂಟ ಸಡಿಲಿಸಲು ಬಂದವನು ತಾನು ದಪ್ಪಗಾಗಿಲ್ಲ, ಬಟ್ಟೆಯೇ ಕುಗ್ಗಿದೆ ಎಂದು ವಾದ ಮಾಡಿದ್ದರವರೆಗೆ ಎಲ್ಲವೂ ಬರುತ್ತಿತ್ತು. ಹಿಂದಿನಿಂದ ಮಿಷನ್ನಿನ ಟರಟರ ಬೇರೆ.

ಗ್ರೂಪಿನಲ್ಲಿ ಇದ್ದವರು ಅವಳ ತಮ್ಮ, ತಮ್ಮನ ಹೆಂಡತಿ, ಅವರ ಒಬ್ಬಳೇ ಮಗಳು ಗುಂಡಿ, ಮತ್ತೆ ಅಪರೂಪಕ್ಕೆ ಮುಖ ತೋರಿಸುವ ಒಂದಷ್ಟು ನೆಂಟರು. ಗುಂಡಿಯ ನಿಜವಾದ ಹೆಸರು ಬೇರೆ. ಅಂಬೆಗಾಲಿಡುವಾಗ ಅತ್ತೆಯ ಅಂಗಡಿಯಲ್ಲಿ ಕೋಟಿನ ಗುಂಡಿಯೊಂದನ್ನು ನುಂಗಿ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದಳು. ನುಂಗಿದ್ದು ಮರುದಿನವೇ ಹೊರಗೆ ಬಂತು, ಹೆಸರು ಮಾತ್ರ ಉಳಿದುಕೊಂಡಿತು.

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ ಶಾಲೆ ಬಿಟ್ಟ ಮೇಲೆ ಗುಂಡಿಗೆ ಅತ್ತೆಯ ಕತ್ತರಿಸುವ ಮೇಜಿನ ಅಡಿಯೇ ಮನೆ. ಒಮ್ಮೆ ಶಾಲೆಯ ಜೋಕಾಲಿಯಿಂದ ಬಿದ್ದು ಎಡ ಹೆಗಲಿನ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಹೆಗಲು ಒಂಚೂರು ಕೆಳಗೇ ನಿಂತಿತು. ಕಣ್ಣಿಗೆ ಕಾಣುವಂಥದ್ದಲ್ಲ, ಬಟ್ಟೆಗೆ ಮಾತ್ರ ತಿಳಿಯುತ್ತದೆ. ಯಾವ ಅಂಗಿ ಹಾಕಿದರೂ ಎಡಗಡೆ ಜಾರಿ ಕುತ್ತಿಗೆಯ ಕೆಳಗೆ ಓರೆಯಾಗಿ ಸುಕ್ಕು ಬೀಳುತ್ತಿತ್ತು. ಅಂದಿನಿಂದ ಅತ್ತೆ ಅವಳ ಪ್ರತಿಯೊಂದು ಅಂಗಿಯ ಎಡ ಹೆಗಲಿನೊಳಗೆ ಬಟ್ಟೆಯ ಪದರ ಜೋಡಿಸಿ ತೆಳ್ಳನೆಯ ಮೆತ್ತೆಯೊಂದನ್ನು ಕೈಯಿಂದ ಹೊಲಿದು ಕೂರಿಸುತ್ತಿದ್ದಳು. ಹೆತ್ತ ತಾಯಿಗೇ ಈ ಹೆಗಲಿನ ವಿಷಯ ಮರೆತುಹೋಗಿತ್ತು.

ತನ್ನ ಮದುವೆಯ ಗೌನನ್ನು ಅತ್ತೆಯೇ ಹೊಲಿಯಬೇಕು ಎಂದು ಗುಂಡಿ ಹೇಳಿದ್ದು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ. ಮದುವೆ ನಿಶ್ಚಯವಾದ ಸಂಜೆ ಅದನ್ನೇ ಗ್ರೂಪಿನಲ್ಲಿ ಎಲ್ಲರೆದುರು ಮತ್ತೆ ಬರೆದಳು, ಪಕ್ಕದಲ್ಲಿ ಕೆಂಪು ಹೃದಯಗಳ ಸಾಲು. ದರ್ಜಿಯಕ್ಕ ಅದನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿದಳು. ಕೆನೆಬಣ್ಣದ ರೇಷ್ಮೆ ತಂದಳು, ಇಸ್ತ್ರಿ ಹಾಕಿ ಹಾಸಿದಳು, ಕತ್ತರಿ ಇಡುವ ಮೊದಲು ಕೈ ತೊಳೆದು ಬಂದಳು. ಕೆಲಸ ಹಿಡಿದ ಮೇಲೆ ಅವಳ ಧ್ವನಿ ಸಂದೇಶಗಳಿಗೆ ಕಡಿವಾಣವೇ ಇಲ್ಲದಾಯಿತು. ಕುತ್ತಿಗೆ ಹೀಗೆ ಬಂತು, ತೋಳಿನಲ್ಲಿ ಹೀಗೊಂದು ಮಡಿಕೆ ಕೊಟ್ಟೆ, ಟ್ರಯಲ್‌ಗೆ ಯಾವಾಗ ಬರ್ತೀಯ ಎಂದು ದಿನಬೆಳಗಾದರೆ ಅದೇ ಸಮಾಚಾರ.

ಉತ್ತರವಾಗಿ ಬರುತ್ತಿದ್ದದ್ದು ಹೆಬ್ಬೆರಳಿನ ಚಿತ್ರ. ಅದೂ ಹೇಗೆ, ಇವಳ ಸಂದೇಶ ಹೋಗಿ ತಲುಪುವುದೇ ತಡ, ಕೇಳಿ ಮುಗಿಸುವಷ್ಟು ಹೊತ್ತೂ ಕಳೆದಿರುವುದಿಲ್ಲ, ಹೆಬ್ಬೆರಳು ಹಾಜರು. ತನ್ನ ಧ್ವನಿ ಕಿವಿಗೆ ಬಿದ್ದ ಕೂಡಲೇ ಅವರಿಗೆ ಖುಷಿಯಾಗಿಬಿಡುತ್ತದೆ ಎಂದು ಅವಳು ತಿಳಿದಿದ್ದಳು. ಪಾಪ, ಹಾಗೆ ತಿಳಿದುಕೊಳ್ಳುವುದು ಅವಳ ಸ್ವಭಾವ. ಮೊದಲೆಲ್ಲ ಗ್ರೂಪು ಗಲಗಲ ಅನ್ನುತ್ತಿತ್ತು. ಈಚೆಗೆ ಬೆಳಗಿನ ಶುಭೋದಯದ ಹೂವು ಬಿಟ್ಟರೆ ಬೇರೆ ಉಸಿರಿಲ್ಲ. ಎಲ್ಲರಿಗೂ ಮದುವೆಯ ಓಡಾಟ, ಕೈ ಬಿಡುವಿಲ್ಲ ಎಂದು ಅದಕ್ಕೂ ಅವಳೇ ಒಂದು ಸಬೂಬು ಹುಡುಕಿ ಕೊಟ್ಟಿದ್ದಳು.

ಅವಳಿಗೆ ಇನ್ನೊಂದು ಕೆಲಸವಿತ್ತು, ಅದು ಮನೆಯವರಿಗೆ ಗೊತ್ತಿರಲಿಲ್ಲ. ಪೇಟೆಯ ದೊಡ್ಡ ಮದುವೆ ಬಟ್ಟೆ ಅಂಗಡಿಯವರು ರೆಡಿಮೇಡ್ ಗೌನುಗಳನ್ನು ಮೈಗೆ ಸರಿಹೊಂದಿಸಲು ಇವಳ ಹತ್ತಿರ ಕಳಿಸುತ್ತಿದ್ದರು. ನಮ್ಮ ಮಾಸ್ಟರುಗಳು ಮೇಲಿನ ಮಹಡಿಯಲ್ಲೇ ಇದ್ದಾರೆ ಎಂದು ಗಿರಾಕಿಗಳಿಗೆ ಹೇಳುವುದು ಆ ಅಂಗಡಿಯ ವಾಡಿಕೆ. ಮೇಲಿನ ಮಹಡಿಯಲ್ಲಿ ಇದ್ದದ್ದು ಖಾಲಿ ಪೆಟ್ಟಿಗೆಗಳು. ಯಾರಿಗೂ ಬಾಯಿ ಬಿಡಕೂಡದು ಎಂಬುದು ಅವರ ಷರತ್ತು, ಹೊಲಿಯುವವಳಿಗೂ ಗಿರಾಕಿಯ ಹೆಸರು ತಿಳಿಸಕೂಡದು ಎಂಬುದು ಅವರ ಜಾಗ್ರತೆ. ವ್ಯಾನಿನವನು ಪೆಟ್ಟಿಗೆ ಇಳಿಸಿ ಹೋಗುತ್ತಿದ್ದ. ಒಳಗೆ ಗೌನು, ಎಲ್ಲಿ ಬಿಗಿ ಮಾಡಬೇಕೋ ಅಲ್ಲಿ ಗುಂಡುಸೂಜಿ, ಮೇಲೊಂದು ಟೋಕನ್ ಚೀಟಿ. ಮಾತು ಕೊಟ್ಟ ಮೇಲೆ ಆಯಿತು. ಊರಿನ ಬೆಕ್ಕಿನ ಸಮಾಚಾರವನ್ನೂ ಬಿಡದ ದರ್ಜಿಯಕ್ಕ ಇದೊಂದನ್ನು ಮಾತ್ರ ಯಾರ ಮುಂದೆಯೂ ಆಡಿರಲಿಲ್ಲ.

ಆ ಮಧ್ಯಾಹ್ನ ಬಂದ ಪೆಟ್ಟಿಗೆಯಲ್ಲಿ ಹಿಮಬಣ್ಣದ ಗೌನಿತ್ತು. ಮಣಿಗಳ ಕೆಲಸ ಚೆನ್ನಾಗಿತ್ತು, ಅದನ್ನು ಅವಳು ಮನಸ್ಸಿನಲ್ಲೇ ಒಪ್ಪಿಕೊಂಡಳು. ಚೀಟಿಯಲ್ಲಿ ಬರೆದಿತ್ತು: ಸೊಂಟ ಬಿಗಿ, ಅಂಚು ಮೇಲಕ್ಕೆ, ಎಡ ಹೆಗಲು ಇಳಿಯುತ್ತದೆ, ಸರಿಮಾಡಿ. ಕುತ್ತಿಗೆಯ ಎಡಕ್ಕೆ ಓರೆಯಾಗಿ ಗುಂಡುಸೂಜಿಗಳು ನಿಂತಿದ್ದವು, ಸುಕ್ಕು ಎಲ್ಲಿ ಬೀಳುತ್ತದೋ ಸರಿಯಾಗಿ ಅಲ್ಲೇ.

ಊರಿನಲ್ಲಿ ಎಡ ಹೆಗಲು ಇಳಿದ ಮದುಮಗಳು ಗುಂಡಿ ಒಬ್ಬಳೇನಾ ಎಂದು ತನ್ನನ್ನೇ ಗದರಿಕೊಂಡಳು. ಆದರೂ ಬೊಂಬೆಯ ಮೇಲಿದ್ದ ತನ್ನ ಕೆನೆಬಣ್ಣದ ಗೌನನ್ನು ಇಳಿಸಿ, ಮೇಜಿನ ಮೇಲೆ ಹಾಸಿ, ಅದರ ಮೇಲೆ ಇದನ್ನು ಇಟ್ಟಳು. ಗುಂಡುಸೂಜಿ ಚುಚ್ಚಿದ ಸೊಂಟದ ಮೇಲೆ ಸೊಂಟ ಕೂತಿತು, ಮಡಿಸಿದ ಅಂಚಿನ ಮೇಲೆ ಅಂಚು ಕೂತಿತು.

ಆಗಲೂ ಅವಳು ನಂಬಲಿಲ್ಲ. ಫೋನಿನ ಮೈಕು ಮೇಲಕ್ಕೆ ತಳ್ಳಿ, ಮಿಷನ್ನು ನಿಲ್ಲಿಸಿ, ಆದಷ್ಟು ಸಾಧಾರಣವಾದ ಧ್ವನಿಯಲ್ಲಿ ಗುಂಡಿಯನ್ನು ಕೇಳಿದಳು, ಗೌನು ಇನ್ನೇನು ಮುಗೀತು, ಟ್ರಯಲ್‌ಗೆ ಯಾವಾಗ ಬರ್ತೀಯಮ್ಮ ಎಂದು. ಗುಂಡಿಯ ಉತ್ತರ ಕೂಡಲೇ ಬಂತು. ಈ ವಾರ ಖಂಡಿತ ಅತ್ತೆ, ಕಾಯ್ತಾ ಇದೀನಿ, ಮತ್ತೆ ಹೃದಯಗಳ ಸಾಲು. ದರ್ಜಿಯಕ್ಕನ ಕಣ್ಣಲ್ಲಿ ನೀರು ಬಂತು. ಕೂಸಿನ ಮೇಲೆ ಇಲ್ಲದ್ದನ್ನೆಲ್ಲ ಅನುಮಾನಿಸಿದೆನಲ್ಲ ಎಂದು ತನ್ನ ಕೆನ್ನೆಗೆ ತಾನೇ ಮೆಲ್ಲಗೆ ಬಡಿದುಕೊಂಡಳು.

ಕೆನ್ನೆಯಿಂದ ಕೈ ತೆಗೆಯುವಷ್ಟರಲ್ಲಿ ಗ್ರೂಪಿನಲ್ಲಿ ಇನ್ನೊಂದು ಧ್ವನಿ ಸಂದೇಶ ಬಂತು. ತಮ್ಮನ ಹೆಂಡತಿಯದು. ಮುಟ್ಟಿದಳು.

"ಅತ್ತಿಗೆ ಮತ್ತೆ ರೇಡಿಯೊ ಹಚ್ಚಿದ್ರು ನೋಡಿ. ಗುಂಡಿ, ಅಂಗಡಿಯಿಂದ ಗೌನು ಬರೋವರೆಗೂ ಹೀಗೇ ಏನಾದ್ರೂ ಹೇಳಿ ಮುಂದೆ ಹಾಕು. ಹೊಲೀತಾ ಇರ್ಲಿ ಪಾಪ, ಅವರಿಗೂ ಹೊತ್ತು ಹೋಗತ್ತೆ. ಅವರಿರೋ ಗ್ರೂಪಲ್ಲಿ ಯಾರೂ ಬಾಯಿ ಬಿಡಬೇಡಿ."

ಇನ್ನೊಮ್ಮೆ ಕೇಳೋಣ ಎಂದು ಬೆರಳು ಇಡುವಷ್ಟರಲ್ಲಿ ಅದು ಮಾಯವಾಗಿ, ಸಂದೇಶ ಅಳಿಸಲಾಗಿದೆ ಎಂಬ ಬೂದು ಗೆರೆ ಉಳಿಯಿತು. ಹಿಂದೆಯೇ ತಮ್ಮ ಒಂದು ಸೂರ್ಯೋದಯದ ಚಿತ್ರ ಹಾಕಿದ. ನೆಂಟರೊಬ್ಬರು ಹೂಗುಚ್ಛ ಹಾಕಿದರು, ಇನ್ನೊಬ್ಬರು ನಗುವ ಮಗು ಹಾಕಿದರು. ತಿಂಗಳುಗಟ್ಟಲೆ ಮೌನವಾಗಿದ್ದವರೆಲ್ಲ ಒಟ್ಟಿಗೆ ಎದ್ದು ಕೂತು, ಆ ಬೂದು ಗೆರೆಯನ್ನು ಮೇಲೆ ಮೇಲೆ ತಳ್ಳಿ ಕಣ್ಣಿಗೆ ಕಾಣದಂತೆ ಮಾಡಿದರು. ನಡು ಮಧ್ಯಾಹ್ನದಲ್ಲಿ ಸೂರ್ಯೋದಯ!

ಇನ್ನೊಂದು ಗ್ರೂಪು ಇದೆ, ಅದರಲ್ಲಿ ತಾನೊಬ್ಬಳನ್ನು ಬಿಟ್ಟು ಎಲ್ಲರೂ ಇದ್ದಾರೆ ಎಂಬುದು ಅವಳಿಗೆ ಅರ್ಥವಾಯಿತು. ಗಲಗಲ ಅನ್ನುವ ಮನೆ ಅಲ್ಲಿಗೆ ಎದ್ದು ಹೋಗಿತ್ತು. ಇಲ್ಲಿ ಅವಳೊಬ್ಬಳೇ ಖಾಲಿ ಕೋಣೆಯಲ್ಲಿ ಕೂತು ಇಷ್ಟು ದಿನ ಮಾತಾಡಿಕೊಂಡಿದ್ದಳು. ಕೇಳದೇ ಒತ್ತಿದ ಆ ಹೆಬ್ಬೆರಳುಗಳೆಲ್ಲ ಒಂದೊಂದಾಗಿ ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಮೋಸ ಮಾಡಿದವರಿಗೆ ಆಗಬೇಕಾದ ನಾಚಿಕೆ ಯಾವಾಗಲೂ ಮೋಸ ಹೋದವರ ಪಾಲಿಗೇ ಬರುತ್ತದೆ.

ಅಷ್ಟರಲ್ಲಿ ತಮ್ಮ ಫೋನು ಮಾಡಿದ. ಅಪರೂಪದ ಕರೆ. ಆರೋಗ್ಯ ಕೇಳಿದ, ಮಿಷನ್ನಿನ ಆರೋಗ್ಯವನ್ನೂ ಕೇಳಿದ, ಆಮೇಲೆ ಮೆಲ್ಲಗೆ, ಗ್ರೂಪಲ್ಲಿ ಈಗೇನಾದ್ರೂ ಕೇಳಿದ್ಯಾ ಅಕ್ಕ, ಇವಳ ಫೋನು ಸರಿಯಿಲ್ಲ, ಏನೇನೋ ಹೋಗ್ತಾ ಇದೆ ಎಂದ. ಕೈಯಲ್ಲಿ ಕೆಲಸ ಇತ್ತು ಕಣೋ, ನೋಡಲಿಲ್ಲ ಎಂದಳು ದರ್ಜಿಯಕ್ಕ. ಆ ಕಡೆಯಿಂದ ತಮ್ಮ ನಿರಾಳವಾಗಿ ಬಿಟ್ಟ ಉಸಿರು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಹೆಂಡತಿಯ ಮಾತಿಗಿಂತ ತಮ್ಮನ ಆ ಉಸಿರೇ ಅವಳಿಗೆ ಹೆಚ್ಚು ನೋವು ಕೊಟ್ಟಿತು.

ಆಮೇಲೆ ಎರಡು ಗೌನುಗಳ ಮುಂದೆ ಕೂತಳು. ಸೊಂಟ ಬಿಗಿ ಮಾಡಿ, ಅಂಚು ಮಡಿಸಿ, ಹೆಗಲನ್ನು ಹಾಗೇ ಬಿಟ್ಟರೆ ಯಾರು ಕೇಳುತ್ತಾರೆ? ರೆಡಿಮೇಡು ಇರೋದೇ ಹಾಗೆ ಎಂದು ಅಂಗಡಿಯವರು ಕೈ ತೊಳೆದುಕೊಳ್ಳುತ್ತಾರೆ. ಮದುವೆಯ ದಿನ ಎಲ್ಲರ ಫೋನಿನ ಎಲ್ಲ ಫೋಟೋಗಳಲ್ಲೂ ಕುತ್ತಿಗೆಯ ಕೆಳಗೆ ಆ ಸುಕ್ಕು ನಿಂತಿರುತ್ತದೆ. ಅವಳಿಗೆ ಹಾಗೆ ಮಾಡಬೇಕೆಂಬ ಆಸೆ ನಿಜವಾಗಿಯೂ ಆಯಿತು. ಆದರೆ ಸುಕ್ಕು ಬಿಟ್ಟು ಬಟ್ಟೆ ಹೊರಗೆ ಕಳಿಸಿ ಅವಳಿಗೆ ಅಭ್ಯಾಸವಿರಲಿಲ್ಲ.

ಮೆತ್ತೆಗೆ ಬಟ್ಟೆ ಬೇಕಿತ್ತು. ಚಿಂದಿಯ ಡಬ್ಬ ಕಾಲಬುಡದಲ್ಲೇ ಇತ್ತು. ಅದರ ಕಡೆ ನೋಡಲಿಲ್ಲ. ಕತ್ತರಿ ಎತ್ತಿಕೊಂಡು ಕೆನೆಬಣ್ಣದ ಗೌನಿನ ಎದೆಯ ಭಾಗಕ್ಕೆ ಇಟ್ಟಳು. ರೇಷ್ಮೆ ಕತ್ತರಿಸುವಾಗ ಹೆಚ್ಚು ಸದ್ದಾಗುವುದಿಲ್ಲ. ಪದರ ಜೋಡಿಸಿ ಹೊಲಿದು, ಹಿಮಬಣ್ಣದ ಗೌನಿನ ಎಡ ಹೆಗಲಿನೊಳಗೆ ಯಾವಾಗಲೂ ಕೂರಿಸುವಂತೆ ಕೂರಿಸಿದಳು. ಪೆಟ್ಟಿಗೆ ಕಟ್ಟಿ ವ್ಯಾನಿನವನಿಗೆ ಕೊಟ್ಟಳು. ಗ್ರೂಪಿನಲ್ಲಿ ಏನೂ ಹೇಳಲಿಲ್ಲ. ಅವಳು ಏನೂ ಹೇಳುತ್ತಿಲ್ಲ ಎಂಬುದನ್ನು ಅಲ್ಲಿ ಯಾರೂ ಗಮನಿಸಲೂ ಇಲ್ಲ.

ಮೆತ್ತೆಯನ್ನು ಗಮನಿಸಿದವಳು ಗುಂಡಿ, ಅದೂ ಅಂಗಡಿಯ ಕನ್ನಡಿಯ ಮುಂದೆ ನಿಂತಾಗ. ಸುಕ್ಕಿಲ್ಲದ ಹೆಗಲನ್ನು ನೋಡಿ ಅವಳು ಗೌನಿನೊಳಗೆ ಕೈ ಹಾಕಿರಬೇಕು. ಚಿಕ್ಕಂದಿನಿಂದ ಆ ಮೆತ್ತೆಯ ಅಂಚನ್ನು ಬೆರಳಿನಲ್ಲಿ ಸವರುತ್ತಾ ಬೆಳೆದ ಹುಡುಗಿಗೆ ಅದು ಯಾರ ಕೈಯೆಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಅಂಗಡಿಯಿಂದ ನೇರವಾಗಿ, ಪೆಟ್ಟಿಗೆ ಎದೆಗವಚಿಕೊಂಡು, ಅತ್ತೆಯ ಬಾಗಿಲಿಗೆ ಬಂದು ನಿಂತಳು. ಮುಖ ಬಿಳುಚಿಕೊಂಡಿತ್ತು.

"ಅತ್ತೆ, ಅದು ನಿನ್ನ ಹತ್ರ ಬರತ್ತೆ ಅಂತ ನಂಗೆ ಗೊತ್ತಿರಲಿಲ್ಲ," ಎಂದಳು.

ಕ್ಷಮೆ ಕೇಳಲು ಬಂದವಳ ಬಾಯಿಂದ ಮೊದಲು ಬಂದ ಮಾತು ಅದು. ದರ್ಜಿಯಕ್ಕ ಹೊಲಿಗೆಯಿಂದ ತಲೆಯೆತ್ತಿದಳು.

"ಗೊತ್ತಿದ್ದಿದ್ರೆ ಬೇರೆ ಅಂಗಡಿಗೆ ಹೋಗ್ತಿದ್ದೆ, ಅಷ್ಟೇ ತಾನೆ?"

ಗುಂಡಿ ಅತ್ತಳು. ಅಮ್ಮನ ಹಟ, ಹುಡುಗನ ಮನೆಯವರ ಮಾತು, ಎಲ್ಲರೂ ಅಂಗಡಿಯದೇ ಚೆನ್ನ ಅಂದರು, ನಿನಗೆ ಬೇಜಾರಾಗಬಾರದು ಅಂತಲೇ ಮುಚ್ಚಿಟ್ಟದ್ದು ಎಂದು ಒಂದರ ಮೇಲೊಂದು ಹೇಳಿದಳು. ಅತ್ತೆ ಎಲ್ಲವನ್ನೂ ಕೊನೆಯವರೆಗೆ ಕೇಳಿದಳು, ನಡುವೆ ಹೆಬ್ಬೆರಳು ಒತ್ತಲಿಲ್ಲ. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ, ಪರದೆ ಎಳೆದು, ಹಾಕ್ಕೊಂಡು ಬಾ ನೋಡೋಣ ಎಂದಳು. ಗುಂಡಿ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತಳು. ಅತ್ತೆ ಸುತ್ತ ಒಂದು ಸಲ ಬಂದು ಸೊಂಟ ನೋಡಿದಳು, ಕೂತು ಅಂಚು ನೋಡಿದಳು. ಎಲ್ಲವೂ ಸರಿಯಾಗಿತ್ತು. ಹುಡುಗಿ ಚಂದ ಕಾಣುತ್ತಿದ್ದಳು, ಅದಕ್ಕಾಗಿ ಅತ್ತೆಗೆ ಇನ್ನಷ್ಟು ಸಂಕಟವಾಯಿತು.

ಗುಂಡಿ ಕನ್ನಡಿಯಲ್ಲಿ ಹಿಂದಿನ ಬೊಂಬೆಯನ್ನು ನೋಡಿದಳು. ಅದು ಖಾಲಿಯಾಗಿತ್ತು.

"ನೀನು ಹೊಲಿದಿದ್ದು ಎಲ್ಲಿ ಅತ್ತೆ? ಅದನ್ನೂ ಕೊಡು. ಮದುವೆಯ ಮಾರನೇ ದಿನದ ಊಟಕ್ಕೆ ಹಾಕ್ಕೋತೀನಿ. ನಿಜವಾಗ್ಲೂ ಹಾಕ್ಕೋತೀನಿ."

ದರ್ಜಿಯಕ್ಕ ಅವಳ ಎಡ ಹೆಗಲಿನ ಮೇಲೆ ಅಂಗೈ ಇಟ್ಟಳು. ಗೌನಿನೊಳಗಿನ ಮೆತ್ತೆ ಕೈಗೆ ತಗುಲಿತು.

"ಇಲ್ಲೇ ಇದೆ. ನಿನಗೆ ಇಷ್ಟೇ ಬೇಕಾಗಿದ್ದು."

ಗುಂಡಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಅಳುವುದನ್ನೂ ನಿಲ್ಲಿಸಿದಳು. ಬಟ್ಟೆ ಬದಲಿಸಿ, ಗೌನನ್ನು ಪೆಟ್ಟಿಗೆಯಲ್ಲಿಟ್ಟು, ಬಾಗಿಲಿನವರೆಗೆ ಹೋದವಳು ತಿರುಗಿ, ಮದುವೆಗೆ ಬರ್ತೀಯಲ್ವಾ ಅತ್ತೆ ಎಂದು ಕೇಳಿದಳು.

"ಯಾವ ಗ್ರೂಪಿಂದ ಕರೀತಾ ಇದೀಯ?" ಎಂದಳು ದರ್ಜಿಯಕ್ಕ.

ಗುಂಡಿ ಪೆಟ್ಟಿಗೆ ಎತ್ತಿಕೊಂಡು ಬೀದಿಗಿಳಿದು ಹೋದಳು.

ಅವಳು ಮನೆ ತಲುಪಿರಬೇಕು, ಸಂಜೆಯಾಗುತ್ತಲೇ ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ತಮ್ಮನದು, ತಮ್ಮನ ಹೆಂಡತಿಯದು, ನೆಂಟರದು, ಎಲ್ಲವೂ ಧ್ವನಿ ಸಂದೇಶಗಳೇ, ಒಂದಕ್ಕಿಂತ ಒಂದು ಉದ್ದ. ದರ್ಜಿಯಕ್ಕ ಒಂದನ್ನೂ ತೆರೆಯಲಿಲ್ಲ. ಪ್ರತಿಯೊಂದಕ್ಕೂ ಬಂದ ಕೂಡಲೇ ಒಂದು ಹೆಬ್ಬೆರಳು ಒತ್ತಿದಳು. ಎಲ್ಲ ಮುಗಿದ ಮೇಲೆ ಫೋನನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ, ಸ್ಟ್ಯಾಂಡಿನ ಖಾಲಿ ಜಾಗಕ್ಕೆ ಬಿಳಿ ದಾರದ ರೀಲು ತಂದಿಟ್ಟು, ಬಾಕಿಯಿದ್ದ ಪ್ಯಾಂಟಿನ ಸೊಂಟ ಬಿಚ್ಚಲು ಕೂತಳು.