ಹಗೇವಿನ ಬಾಯಿ

ಗುಬ್ಬಿ ಹತ್ತಿರದ ಆ ಊರಿನಲ್ಲಿ ಚೆನ್ನಮ್ಮನನ್ನು ಬಹುವಚನದಲ್ಲಿ ಮಾತಾಡಿಸಿದವರು ಯಾರೂ ಇರಲಿಲ್ಲ. ಗಂಡ ಇದ್ದಾಗ ‘ಇವಳೇ’ ಅಂತಿದ್ದ. ಮಕ್ಕಳು ಬೇರೆಯಾದ ಮೇಲೆ ‘ಮುದುಕಿ’ ಆದಳು. ಮೊದಲ ಸಲ ‘ಚೆನ್ನಮ್ಮನವರೇ, ನೀವು ಕೂತ್ಕೊಳ್ಳಿ, ನಾನೇ ನೀರು ತಗೋತೀನಿ’ ಎಂದವರು ತುಮಕೂರಿನ ವಕೀಲರ ಹೆಂಡತಿ ಕೌಸಲ್ಯಮ್ಮ.

ಅದು ಎಪ್ಪತ್ತಮೂರನೆಯ ಇಸವಿ. ತುಮಕೂರಿನ ರೇಷನ್ ಅಂಗಡಿಗಳ ಮುಂದೆ ಬೆಳಗಿನಿಂದಲೇ ಸಾಲು ನಿಲ್ಲುತ್ತಿತ್ತು. ಮುಂದಿನ ವರ್ಷ ಸಾಲು ನಿಂತರೂ ಕಾಳು ಸಿಗುವುದಿಲ್ಲ ಎಂಬ ಮಾತು ಬೀದಿಬೀದಿಯಲ್ಲಿತ್ತು. ಅಕ್ಕಿ ಕೂಡಿಟ್ಟರೆ ಹುಳು ಬೀಳುತ್ತದೆ. ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದ ರಾಗಿ ಹಾಗಲ್ಲ, ವರ್ಷಗಟ್ಟಲೆ ಇದ್ದರೂ ಏನೂ ಆಗುವುದಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಅರ್ಧ ಬೆಲೆಗೆ ಬೇರೆ ಸಿಗುತ್ತದೆ. ವಕೀಲ ಗಂಡನ ಕಕ್ಷಿಗಾರ ಅಣ್ಣಯ್ಯಪ್ಪ ಇದನ್ನು ಹೇಳಿದಾಗ ಕೌಸಲ್ಯಮ್ಮನವರು ಆ ವಾರವೇ ಬಸ್ಸು ಹತ್ತಿದರು.

ಅಣ್ಣಯ್ಯಪ್ಪ ಚೆನ್ನಮ್ಮನ ಹಿರಿಯ ಮಗ. ಅವನ ಹಿತ್ತಿಲಲ್ಲಿ ಹಗೇವು ಇದ್ದದ್ದು ನಿಜ. ಅದರ ಬಾಯಿ ಎಲ್ಲಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕಳ್ಳರ ಕಣ್ಣಿಗೆ ಬೀಳಬಾರದೆಂದು ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ತುಂಬಿ, ಸಾರಿಸಿ, ನೆಲಕ್ಕೆ ನೆಲವೇ ಮಾಡಿಬಿಡುತ್ತಿದ್ದರು. ಗುರುತನ್ನು ಮನೆಯ ಹಿರಿಯ ಹೆಂಗಸಿಗೆ ಮಾತ್ರ ಹೇಳುವುದು ಆ ಕಡೆಯ ವಾಡಿಕೆ. ಅಣ್ಣಯ್ಯಪ್ಪನೂ ತಮ್ಮ ಚಿಕ್ಕಬೋರಯ್ಯನೂ ಎರಡು ಕಡೆ ಅಗೆದು ನೋಡಿ ಬರಿಗೈಯಲ್ಲಿ ಬಂದಿದ್ದರು.

ಚೆನ್ನಮ್ಮ ಬಾಯಿ ಬಿಟ್ಟಿರಲಿಲ್ಲ. ಗಂಡ ಸಾಯುವಾಗ ಹೇಳಿದ್ದ, ಅದು ನಿನ್ನ ಕೈ ನಿಂತ ದಿನಕ್ಕೆ, ಯಾರ ಒಲೆ ಮುಂದೆಯೂ ಕೈ ಚಾಚಬೇಡ ಎಂದು. ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಅವಳದೇ ಒಲೆ, ಅವಳದೇ ಮಡಕೆ. ಅವರಿವರ ಮನೆಯ ಕಾಳು ಕೇರಿ ಕೊಟ್ಟು ಹೊಟ್ಟೆ ಹೊರೆದುಕೊಳ್ಳುತ್ತಿದ್ದಳು. ಆ ವರ್ಷ ಮೊರ ಹಿಡಿದರೆ ಬೆರಳು ನಡುಗತೊಡಗಿದವು. ಹಗೇವು ತೆಗೆಯುವ ಕಾಲ ಬಂದಿತ್ತು. ಆದರೆ ಅದಕ್ಕೆ ಗಂಡಾಳು ಬೇಕು, ಗಂಡಾಳೆಂದರೆ ಮಕ್ಕಳೇ, ಮಕ್ಕಳು ಬಂದರೆ ಒಂದು ಕಾಳೂ ಉಳಿಯುವುದಿಲ್ಲ.

ಇದನ್ನೆಲ್ಲ ಅವಳು ಕೌಸಲ್ಯಮ್ಮನಿಗೆ ಹೇಳಿಕೊಂಡಳು. ಹೇಳಿಕೊಳ್ಳದೆ ಏನು ಮಾಡಿಯಾಳು? ಆಯಮ್ಮ ಮಾಡಿನೊಳಗೆ ಬಂದು ನೆಲದ ಮೇಲೇ ಕೂತಿದ್ದರು. ಜೊತೆಯಲ್ಲಿ ತಂದ ಎಣ್ಣೆಯನ್ನು ಚೆನ್ನಮ್ಮನ ನಡುಗುವ ಬೆರಳಿಗೆ ಒಂದೊಂದಾಗಿ ನೀವಿದ್ದರು. ಯಾವುದೋ ಕಾಲದಲ್ಲಿ ತಾಯಿ ನೀವಿದ್ದು ಬಿಟ್ಟರೆ ಆ ಬೆರಳುಗಳನ್ನು ಯಾರೂ ಮುಟ್ಟಿರಲಿಲ್ಲ.

“ನಾನು ಎದುರಿಗೆ ನಿಂತಿರ್ತೀನಿ ಚೆನ್ನಮ್ಮನವರೇ” ಎಂದರು ಕೌಸಲ್ಯಮ್ಮ. “ಮೊದಲು ಎರಡು ಮೂಟೆ ನಿಮ್ಮ ಮಾಡಿಗೆ ಬರುತ್ತೆ. ಆಮೇಲೆ ಮಿಕ್ಕಿದ್ದು.”

ಚೆನ್ನಮ್ಮ ಎದ್ದುಹೋಗಿ ಹಿತ್ತಿಲಲ್ಲಿ ದನ ನೀರು ಕುಡಿಯುವ ಬಾನಿಯ ಮಗ್ಗುಲಲ್ಲಿ ಕಾಲಿಟ್ಟು ತೋರಿಸಿದಳು.

ಚಪ್ಪಡಿ ಎತ್ತಿ ಒಂದು ದಿನ ಹಾಗೇ ಬಿಟ್ಟರು. ಒಳಗಿನ ಕೆಟ್ಟ ಗಾಳಿ ಹೋಗಬೇಕಲ್ಲ. ಮರುದಿನ ಹಗ್ಗದಲ್ಲಿ ದೀಪ ಇಳಿಬಿಟ್ಟು, ಅದು ಆರದೆ ಉರಿದ ಮೇಲೆ ಚಿಕ್ಕಬೋರಯ್ಯ ಇಳಿದ. ರಾಗಿ ಕೆಂಪಗೆ, ನಿನ್ನೆ ಕಣದಲ್ಲಿ ತುಳಿಸಿದಂತೆ ಇತ್ತು. ಮೂಟೆಯ ಹಿಂದೆ ಮೂಟೆ ಮೇಲೆ ಬಂದು ನೇರವಾಗಿ ಗಾಡಿಗೆ ಹೋಯಿತು. ಚೆನ್ನಮ್ಮ ಮಾಡಿನ ಬಾಗಿಲಲ್ಲಿ ಜಾಗ ಗುಡಿಸಿಟ್ಟು ಕಾದಳು. ಗಾಡಿ ತುಂಬುತ್ತ ಬಂದಾಗ ಹೋಗಿ ಕೌಸಲ್ಯಮ್ಮನ ಎದುರು ನಿಂತಳು.

ಕೌಸಲ್ಯಮ್ಮ ಮೂಟೆಗಳ ಕಡೆಗೇ ನೋಡುತ್ತಿದ್ದರು. “ನಾನು ಪೂರಾ ರಾಗಿಗೆ ದುಡ್ಡು ಕೊಟ್ಟಾಯ್ತಲ್ಲಮ್ಮ. ನಿನ್ನ ಮಗನ್ನ ಕೇಳು.”

ಮಗ ನಕ್ಕ. “ಇನ್ನೆಷ್ಟು ವರ್ಸ ಉಣ್ತೀಯವ್ವ ನೀನು? ಆ ರಾಗಿನೇ ನಿನ್ಗಿಂತ ಗಟ್ಟಿಯಾಗೈತೆ.”

ಗಾಡಿಯವನೂ ನಕ್ಕ. ಹಗೇವಿನ ಗೋಡೆಗೆ ಅಂಟಿ ಕಪ್ಪಾಗಿದ್ದ ಮುಗ್ಗಲು ರಾಗಿಯನ್ನು ಗೋರಿ ತಂದು ಮಾಡಿನ ಮುಂದೆ ಸುರಿದರು. ಎಮ್ಮೆ ಬಂದು ಮೂಸಿ ಹೊರಟುಹೋಯಿತು. ಚೆನ್ನಮ್ಮ ಅದನ್ನೇ ತೊಳೆದು ಒಣಗಿಸಿ ಕೆಲವು ದಿನ ಉಂಡಳು. ಹೊಟ್ಟೆ ಕೆಟ್ಟು ಮಲಗಿದ ಮೇಲೆ ಹಿರಿಯ ಸೊಸೆ ಚಿಕ್ಕಮಾರಮ್ಮನ ಒಲೆಯ ಮುಂದೆ ತಟ್ಟೆ ಹಿಡಿಯಬೇಕಾಯಿತು. ಸೊಸೆ ಎಲ್ಲರ ಊಟ ಮುಗಿಸಿ, ಪಾತ್ರೆಗೆ ಅಂಟಿದ್ದನ್ನು ಕೆರೆದು ಹಾಕುತ್ತಿದ್ದಳು. ಒಂದು ದಿನ ಇನ್ನೊಂದು ತುತ್ತು ಕೇಳಿದ್ದಕ್ಕೆ, “ಹಗೇವ್ನಾಗೆ ಬಗ್ಗಿ ನೋಡೋಗು, ಇನ್ನೂ ಒಸಿ ಇರ್ಬೈದು” ಎಂದಳು. ಮೊಮ್ಮಕ್ಕಳು ಗೊಳ್ಳೆಂದು ನಕ್ಕರು.

ಮುಂದಿನ ಬೇಸಗೆಗೆ ಕೌಸಲ್ಯಮ್ಮ ಮತ್ತೆ ಬಂದರು. ಚೆನ್ನಮ್ಮ ಮುಖ ತಿರುಗಿಸಬೇಕೆಂದುಕೊಂಡಳು, ಆಗಲಿಲ್ಲ. ‘ಎಷ್ಟು ಸೊರಗಿದೀರಿ ಚೆನ್ನಮ್ಮನವರೇ’ ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ಚಾಪೆ ಹಾಸಿದಳು. ತಮ್ಮ ಬೀದಿಯವರಿಗೆಲ್ಲ ಈಗ ಹಳೆಯ ರಾಗಿ ಬೇಕಾಗಿದೆ, ನಿಮ್ಮ ಪರಿಚಯದಲ್ಲಿ ಎಲ್ಲಾದರೂ ಹಗೇವು ಇದ್ದರೆ ತೋರಿಸಿಕೊಡಿ, ಒಂದು ಹಗೇವಿಗೆ ಒಂದು ಮೂಟೆ ನಿಮ್ಮದು ಎಂದರು ಅವರು. ಈ ಸಲ ಮೊದಲೇ, ಸಂತೆಯಲ್ಲಿ ಕೊಂಡು ತಂದ ಅರ್ಧ ಮೂಟೆ ರಾಗಿಯನ್ನು ಗಾಡಿಯಿಂದ ಇಳಿಸಿ ಮಾಡಿನೊಳಗೆ ಇಡಿಸಿದರು.

ಚೆನ್ನಮ್ಮನಿಗೆ ಅಕ್ಕನ ನೆನಪಾಯಿತು. ಹುಲಿಯೂರುದುರ್ಗದ ಹತ್ತಿರ ಕೊಟ್ಟಿದ್ದ ಒಬ್ಬಳೇ ಅಕ್ಕ, ಸಿದ್ದಗಂಗಮ್ಮ. ಚಿಕ್ಕವಳಿದ್ದಾಗ ಚೆನ್ನಮ್ಮನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು. ಅವಳ ಹಿತ್ತಿಲಲ್ಲೂ ಒಂದು ಹಗೇವು ಇತ್ತು.

ಕುಣಿಗಲ್ ಬಸ್ಸು ಹತ್ತುವ ಮೊದಲು ಇಬ್ಬರೂ ತುಮಕೂರಿನಲ್ಲಿ ಇಳಿದು ಕೌಸಲ್ಯಮ್ಮನ ಮನೆಗೆ ಹೋದರು. ಜಗಲಿಯಲ್ಲಿ ಎಲೆ ಹಾಕಿ ಅನ್ನ ಸಾರು ಬಡಿಸಿದರು. ಅಲ್ಲಿಂದ ಒಳಗಿನ ಉಗ್ರಾಣ ಕಾಣುತ್ತಿತ್ತು. ಗೋಡೆಯುದ್ದಕ್ಕೂ ತಗಡಿನ ಡ್ರಮ್ಮುಗಳು, ಮುಚ್ಚಳಕ್ಕೆ ಮೇಣದ ಬಟ್ಟೆ ಬಿಗಿದು ಕಟ್ಟಿದ್ದರು. ಚೆನ್ನಮ್ಮ ಕೇಳಿದಳು. ಹೌದು, ಅದು ನಿಮ್ಮ ರಾಗಿಯೇ ಎಂದರು ಕೌಸಲ್ಯಮ್ಮ ಸಂತೋಷದಿಂದ. ಒಂದು ಹಿಡಿಯೂ ತೆಗೆದಿಲ್ಲ, ಪುಣ್ಯಕ್ಕೆ ಅಂಥ ಕಾಲ ಬರಲಿಲ್ಲ ನೋಡಿ ಎಂದು, ಇನ್ನೊಂದು ಸೌಟು ಅನ್ನ ಬಡಿಸಿದರು. ಚೆನ್ನಮ್ಮ ಉಂಡಳು.

ಸಿದ್ದಗಂಗಮ್ಮ ತಂಗಿಯನ್ನು ಕಂಡು ಅತ್ತುಬಿಟ್ಟಳು. ಅವಳಿಗೆ ಕಣ್ಣು ಮಂಜಾಗಿತ್ತು, ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೀವಾಗಿತ್ತು. ಮಗ ಗಂಗಹನುಮಯ್ಯ ಎಷ್ಟು ಹೇಳಿದರೂ ತಿರುಗಿ ನೋಡಿರಲಿಲ್ಲ. ಕೌಸಲ್ಯಮ್ಮ ಬೀದಿಯಲ್ಲೇ ನಿಂತರು. ಚೆನ್ನಮ್ಮ ಅಕ್ಕನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಿಸಿನೀರಿನಲ್ಲಿ ತೊಳೆದು, ಪಿನ್ನಿನಿಂದ ಮುಳ್ಳನ್ನು ಮೆಲ್ಲಗೆ ಬಿಡಿಸತೊಡಗಿದಳು. ಈ ಕೆಲಸಕ್ಕೆ ಬೆರಳು ನಡುಗಲಿಲ್ಲ. ಮುಳ್ಳು ಹೊರಗೆ ಬಂತು. ಅಕ್ಕ ಹಾಯೆಂದು ಉಸಿರುಬಿಟ್ಟಳು.

ಆಗ ಚೆನ್ನಮ್ಮ ಹಗೇವಿನ ಗುರುತು ಕೇಳಿದಳು.

ಅಕ್ಕ ತಂಗಿಯ ಕೈ ಹಿಡಿದುಕೊಂಡಳು. “ನಿನ್ಗೂ ಹೇಳ್ದಿದ್ರೆ ಇನ್ಯಾರ್ಗೆ ಹೇಳ್ಲಿ ಬುಡು” ಎಂದಳು. “ನನ್ಗೆ ಅದೊಂದೇ ಕಣೇ ಇರೋದು. ನೀನಿದ್ದೀಯ ಅನ್ನೋ ಧೈರ್ಯದ ಮ್ಯಾಲೆ ಹೇಳ್ತಾ ಇದೀನಿ.”

ಚೆನ್ನಮ್ಮ ಗಾಯಕ್ಕೆ ಅರಿಸಿನ ಒತ್ತಿದಳು, ತನ್ನ ಸೆರಗಿನ ಅಂಚು ಹರಿದು ಕಟ್ಟಿದಳು. ಆಮೇಲೆ ಬೀದಿಗೆ ಹೋಗಿ ‘ತುಳಸಿಕಟ್ಟೆಯ ಹಿಂದೆ’ ಎಂದು ಕೌಸಲ್ಯಮ್ಮನಿಗೆ ಹೇಳಿದಳು. ಕೌಸಲ್ಯಮ್ಮನ ದುಡ್ಡು ಗಂಗಹನುಮಯ್ಯನ ಕೈ ಸೇರಿ ಚಪ್ಪಡಿ ಎತ್ತುವ ಹೊತ್ತಿಗೆ ಚೆನ್ನಮ್ಮ ಬಸ್ಸಿನಲ್ಲಿದ್ದಳು.

ಮಿಕ್ಕ ಅರ್ಧ ಮೂಟೆಯನ್ನು ಕೌಸಲ್ಯಮ್ಮ ಹೇಳಿದ ದಿನವೇ ತಂದುಕೊಟ್ಟರು. ಸಿದ್ದಗಂಗಮ್ಮ ಈಗ ಮನೆಮನೆಗೆ ಹೋಗಿ ಕೇಳಿಕೊಂಡು ಉಣ್ಣುತ್ತಾಳಂತೆ ಎಂಬ ಸುದ್ದಿಯನ್ನೂ ಅವರೇ ತಂದರು, ಪಾಪ ಎಂದರು. ಚೆನ್ನಮ್ಮ ತನ್ನ ಒಲೆ ಹಚ್ಚಿದ್ದಳು. ಹಿಟ್ಟು ಬೆಂದ ವಾಸನೆ ಮಾಡಿನ ತುಂಬ ಇತ್ತು. ಮುದ್ದೆ ತೊಳಸಿ, ತಟ್ಟೆಗೆ ಹಾಕಿಕೊಂಡು, ಮೊದಲ ತುತ್ತು ನುಂಗಿ, ಎರಡನೆಯದನ್ನು ಮುರಿಯುತ್ತ ಅವಳೇ ಹೇಳಿದಳು:

“ಬೆಳ್ಳಾವಿ ಕಡೆ ನಮ್ಮ ನಾದ್ನಿ ಒಬ್ಳು ಅವ್ಳೆ ಕಣವ್ವ. ಅವಳ್ಗೆ ನನ್ನ ಕಂಡ್ರೆ ಪ್ರಾಣ.”