ಸೌತೆಕಾಯಿಗೆ ಜೇನುತುಪ್ಪ

"ಈ ವರ್ಷಾನೂ ಬ್ರೆಡ್ಡೇನಾ?" ಎಂದು ಕೇಳಿದಳು ವಾಲೇರಿಯಾ.

ರಾಪೋಲಾಸ್ ಕೇಳಿಸದವನಂತೆ ಜೇನು ತೆಗೆಯುವ ಪೀಪಾಯಿಯ ಹಿಡಿ ತಿರುಗಿಸುತ್ತಲೇ ಇದ್ದ. ಒಳಗೆ ಜೇನು ತುಂಬಿದ ಎರಿಗಳು ಗರಗರನೆ ಸುತ್ತುತ್ತಿದ್ದವು. ಕೆಳಗಿನ ನಲ್ಲಿಯಿಂದ ಆ ಬೇಸಿಗೆಯ ಮೊದಲ ಜೇನು ಬೆರಳು ದಪ್ಪದ ಧಾರೆಯಾಗಿ ಬೋಗುಣಿಗೆ ಇಳಿಯುತ್ತಿತ್ತು. ವಾಲೇರಿಯಾ ಕರಿಯ ರೈ ಬ್ರೆಡ್ಡನ್ನು ಎದೆಗೆ ಅವುಚಿಕೊಂಡು ಕುಯ್ಯುತ್ತಿದ್ದಳು. ಕುಯ್ಯುವ ರಭಸ ನೋಡಿದರೆ ಅವಳ ಸಿಟ್ಟು ಬ್ರೆಡ್ಡಿನ ಮೇಲಲ್ಲ, ಗಂಡನ ಮೇಲೆ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

"ಬ್ರೆಡ್ಡಿಗೇನು ರೋಗ ಬಂದಿದೆ?" ಎಂದ ಕೊನೆಗೆ.

"ಬ್ರೆಡ್ಡಿಗೇನೂ ಬಂದಿಲ್ಲ. ರೋಗ ಇರೋದು ನಿನ್ನ ಮೂಗಿನ ತುದೀಲಿ."

ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು. ನೆವೇಜಿಸ್ ನದಿಯ ಈ ದಡದ ಊರುಗಳಲ್ಲಿ ಮೊದಲ ಜೇನನ್ನು ಸೌತೆಕಾಯಿಯ ಜೊತೆಗಲ್ಲದೆ ಯಾರೂ ಬಾಯಿಗಿಡುವುದಿಲ್ಲ. ಎಳೆಯ ಸೌತೆಕಾಯಿಯನ್ನು ಆಗಷ್ಟೇ ಕಿತ್ತು, ಉದ್ದಕ್ಕೆ ಸೀಳಿ, ಬೀಜದ ಗುಂಡಿಯುದ್ದಕ್ಕೂ ಬೆಚ್ಚಗಿನ ಜೇನು ಹರಿಸಿ, ಅಂಗೈ ಮೊಣಕೈಯೆಲ್ಲ ಅಂಟು ಮಾಡಿಕೊಂಡು ತಿನ್ನಬೇಕು. ರಾಪೋಲಾಸನ ಮನೆಯಲ್ಲಿ ಜೇನು, ಬೇಲಿಯಾಚೆಯ ಜೆನೋನಾಸನ ಮನೆಯಲ್ಲಿ ಸೌತೆಕಾಯಿ. ಪ್ರತಿ ವರ್ಷ ಜೇನು ತೆಗೆದ ದಿನ ರಾಪೋಲಾಸ್ ಮರದ ಸೌಟಿನಿಂದ ತಗಡಿನ ಬಕೆಟ್ಟು ಬಡಿಯುತ್ತಿದ್ದ. ಅದು ಕೇಳಿದ್ದೇ ತಡ, ಜೆನೋನಾಸ್ ತನ್ನ ಗಾಜಿನಮನೆಯಿಂದ ಮಡಿಲ ತುಂಬ ಸೌತೆಕಾಯಿ ಕಿತ್ತುಕೊಂಡು, ಬೇಲಿಯ ಪುಟ್ಟ ಗೇಟನ್ನು ಕಾಲಿನಲ್ಲೇ ತಳ್ಳಿ, ಹಾಡು ಹೇಳಿಕೊಂಡು ಬರುತ್ತಿದ್ದ. ಹಾಡು ಯಾವುದೆಂದು ಅವನ ಕಂಠದಿಂದ ಹೇಳುವಂತಿರಲಿಲ್ಲ.

ಆ ಗೇಟಿಗೆ ಮೊಳೆ ಹೊಡೆದು ಮೂರು ಬೇಸಿಗೆಯಾಗಿತ್ತು.

ಒಂದು ದಿನ ನಡುಮಧ್ಯಾಹ್ನ, ಹೂವೆಲ್ಲ ಬಾಯಿಬಿಟ್ಟಿರುವ ಹೊತ್ತಿನಲ್ಲಿ, ಜೆನೋನಾಸ್ ಹೊಲದ ಬಳ್ಳಿಗಳಿಗೆ ಔಷಧಿ ಹೊಡೆದುಬಿಟ್ಟಿದ್ದ. ಸಂಜೆಯ ಹೊತ್ತಿಗೆ ರಾಪೋಲಾಸನ ನಾಲ್ಕು ಪೆಟ್ಟಿಗೆಗಳ ಮುಂದೆ ಜೇನುಹುಳಗಳು ರಾಶಿ ಬಿದ್ದಿದ್ದವು. ಮೂಲೆಯ ಒಂದೇ ಒಂದು ಪೆಟ್ಟಿಗೆ ಉಳಿಯಿತು. ರಾಪೋಲಾಸ್ ಸತ್ತ ಹುಳಗಳನ್ನು ಬೊಗಸೆಯಲ್ಲಿ ಎತ್ತಿ, ಮನೆಯವರನ್ನು ಮಣ್ಣು ಮಾಡುವ ಹಾಗೆ ಸೇಬಿನ ಮರದ ಬುಡದಲ್ಲಿ ಮಣ್ಣು ಮಾಡಿದ. ಆಗ ಅವನು ಅತ್ತಿದ್ದು ವಾಲೇರಿಯಾಗೆ ಮಾತ್ರ ಗೊತ್ತು.

ಅಷ್ಟಕ್ಕೇ ನಿಂತಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ಆದರೆ ಜೆನೋನಾಸ್ ಗಾಬರಿಯಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದ. ಪಟ್ಟಣದಿಂದ ಒಂದು ಡಬ್ಬಿ ಜೇನುಹುಳ ಕೊಂಡು ತಂದು, ಮೇಲೆ ರಿಬ್ಬನ್ನು ಕಟ್ಟಿ ಗೇಟಿನ ಮುಂದೆ ಇಟ್ಟ. ಹಸು ಕೊಳ್ಳಬಹುದು, ಹೊಲ ಕೊಳ್ಳಬಹುದು. ಜೇನುಹುಳವನ್ನು ಈ ಊರಲ್ಲಿ ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಒಬ್ಬರ ಹಿಂಡು ತಾನಾಗಿ ಹಾರಿ ಇನ್ನೊಬ್ಬರ ಮನೆಯಲ್ಲಿ ನೆಲೆ ನಿಂತರೆ ಆಯಿತು, ಅಲ್ಲಿಗೆ ಆ ಎರಡು ಮನೆಗಳು ನಂಟರಾದ ಹಾಗೆ. ಹಬ್ಬಕ್ಕೂ ಸಾವಿಗೂ ಒಬ್ಬರನ್ನೊಬ್ಬರು ಬಿಡುವಂತಿಲ್ಲ. ರಿಬ್ಬನ್ನು ಕಂಡು ರಾಪೋಲಾಸನಿಗೆ ಮೈಯೆಲ್ಲ ಉರಿದುಹೋಯಿತು. "ನಮ್ಮ ಮನೇಲಿ ಸಾವಾದ್ರೆ ಪೇಟೆಯಿಂದ ಬೇರೆ ಜನ ಕೊಂಡು ತರ್ತೀಯೇನೋ?" ಎಂದು ಕೂಗಿ, ಡಬ್ಬಿಯನ್ನು ಅವನ ಅಂಗಳಕ್ಕೇ ಮರಳಿಸಿ, ಸುತ್ತಿಗೆ ಹುಡುಕಿಕೊಂಡು ಬಂದ.

ಅಂದಿನಿಂದ ಅವನು ಸೌತೆಕಾಯಿ ಮುಟ್ಟಿದ್ದು ಒಂದೇ ಸಲ. ವಾಲೇರಿಯಾ ಸಂತೆಯಿಂದ ತಂದಿದ್ದಳು. "ಪರವಾಗಿಲ್ವೇ, ಚೆನ್ನಾಗಿದೆ" ಎಂದು ಅರ್ಧ ತಿಂದಿದ್ದ. ಅವಳು ನಕ್ಕಳು. ಅದು ಯಾರ ಗಾಜಿನಮನೆಯದು ಎಂದು ಹೊಳೆದ ಕೂಡಲೇ ಉಳಿದರ್ಧವನ್ನು ಹಂದಿಗೆ ಹಾಕಿದ್ದ. ಆದರೆ ಬ್ರೆಡ್ಡಿನ ಮೇಲೆ ಸವರಿದ ಜೇನು ಅವನ ನಾಲಿಗೆಗೆ ಹತ್ತಲೇ ಇಲ್ಲ. ಈ ವರ್ಷವಂತೂ ಜೇನು ತೆಗೆಯುವ ಕೆಲಸವನ್ನೇ ಇವತ್ತು ನಾಳೆ ಎಂದು ಮುಂದೂಡುತ್ತ ಬಂದಿದ್ದ. ಯಾರ ಜೊತೆ ಕೂತು ತಿನ್ನಲು ಅಷ್ಟು ಅವಸರ?

"ಕೇಳಿಸ್ತಾ?" ಎಂದಳು ವಾಲೇರಿಯಾ, ಚಾಕು ಅಲ್ಲೇ ನಿಲ್ಲಿಸಿ.

ರಾಪೋಲಾಸ್ ಹಿಡಿ ಬಿಟ್ಟ. ಪೀಪಾಯಿ ನಿಂತ ಮೇಲೂ ಮೊರೆತ ನಿಲ್ಲಲಿಲ್ಲ. ಅದು ಹೊರಗಿನಿಂದ ಬರುತ್ತಿತ್ತು.

ಅವನು ಹೊರಗೆ ಓಡುವಷ್ಟರಲ್ಲಿ ಮೂಲೆಯ ಪೆಟ್ಟಿಗೆಯ ಬಾಯಿಂದ ಹುಳಗಳು ನೀರು ಉಕ್ಕಿದ ಹಾಗೆ ಉಕ್ಕಿ ಮೇಲೇಳುತ್ತಿದ್ದವು. ಹೊತ್ತಿಗೆ ಸರಿಯಾಗಿ ಜೇನು ತೆಗೆದು ಜಾಗ ಮಾಡಿಕೊಟ್ಟಿದ್ದರೆ ಹಿಂಡು ಒಡೆಯುತ್ತಿರಲಿಲ್ಲ. ಅವನ ಸೋಮಾರಿತನಕ್ಕೆ ತಕ್ಕ ಶಾಸ್ತಿ. ಅದೂ ಯಾವ ಪೆಟ್ಟಿಗೆ? ಔಷಧಿಯ ವರ್ಷ ಉಳಿದುಕೊಂಡಿದ್ದ ಪೆಟ್ಟಿಗೆ. ಅವನಪ್ಪನ ಕಾಲದಿಂದ ಬಂದ ಜೇನಿನ ವಂಶ ಇದ್ದದ್ದು ಅದೊಂದರಲ್ಲೇ. ಕಾಡಿನ ಕಡೆ ಹೋಯಿತೆಂದರೆ ಮುಗಿಯಿತು.

"ನೀರು! ನೀರು ತಗೊಂಬಾರೇ! ಪೊರಕೆ!"

ವಾಲೇರಿಯಾ ಬಕೆಟ್ಟು ತಂದಳು. ಅವನು ಪೊರಕೆ ಅದ್ದಿ ಅದ್ದಿ ಆಕಾಶಕ್ಕೆ ನೀರೆರಚಿದ. ಮಳೆ ಬಂತೆಂದು ಹುಳಗಳು ಹತ್ತಿರದ ಕೊಂಬೆಯಲ್ಲಿ ಕೂರಬೇಕು, ಅದು ಲೆಕ್ಕಾಚಾರ. ನೀರೆಲ್ಲ ಅವನ ತಲೆಯ ಮೇಲೇ ಬಿತ್ತು. ಹಿಂಡು ಸೇಬಿನ ಮರವನ್ನು ಒಂದು ಸುತ್ತು ಹಾಕಿ, ಕಪ್ಪು ಮೋಡದಂತೆ ಬೇಲಿಯ ಮೇಲೆ ಹಾದು ಜೆನೋನಾಸನ ಕಡೆಗೆ ಇಳಿಯಿತು.

ಊರ ಕಟ್ಟಳೆಯಂತೆ, ಬೆನ್ನು ಬಿಡದೆ ಕಣ್ಣಳತೆಯಲ್ಲೇ ಹಿಂಬಾಲಿಸಿದರೆ ಹಿಂಡು ಹಳೆಯ ಒಡೆಯನದೇ. ಕಣ್ಣು ತಪ್ಪಿತೆಂದರೆ ಕೇಳುವ ಹಕ್ಕಿಲ್ಲ. ರಸ್ತೆಯಿಂದ ಸುತ್ತಿಕೊಂಡು ಹೋಗಲು ಹೊತ್ತಿರಲಿಲ್ಲ. ರಾಪೋಲಾಸ್ ಹಿಂಡು ಹಿಡಿಯುವ ಬುಟ್ಟಿಯನ್ನು ಆಚೆಗೆ ಎಸೆದು, ಅರವತ್ತು ದಾಟಿದ್ದನ್ನು ಮರೆತು ಬೇಲಿ ಹತ್ತಿದ. ಒಂದು ಕಾಲು ಆಚೆ ಇಟ್ಟ. ಇನ್ನೊಂದು ಕಾಲು ಬರಲಿಲ್ಲ. ಪ್ಯಾಂಟಿನ ಹಿಂಭಾಗ ಯಾವುದಕ್ಕೋ ಸಿಕ್ಕಿಕೊಂಡಿತ್ತು. ತಡವಿ ನೋಡಿದರೆ ಗೇಟಿನ ಮೊಳೆ. ಅವನೇ ಹೊಡೆದದ್ದು.

"ಅಲ್ಲಾಡಬೇಡ ಕಣೋ, ಹರೀತದೆ."

ಮೂರು ಬೇಸಿಗೆಯ ನಂತರ ಜೆನೋನಾಸ್ ಆಡಿದ ಮೊದಲ ಮಾತು ಅದು. ಅವನು ಗಾಜಿನಮನೆಯ ಬಾಗಿಲಲ್ಲಿ ನಿಂತಿದ್ದ. ಮೊದಲಿಗಿಂತ ಇಳಿದುಹೋಗಿದ್ದ, ಹೊಟ್ಟೆಯೇ ಇರಲಿಲ್ಲ. ಹತ್ತಿರ ಬಂದು, ಮುಖ ನೋಡದೆ, ಬಟ್ಟೆಯನ್ನು ಮೊಳೆಯಿಂದ ನಾಜೂಕಾಗಿ ಬಿಡಿಸಿ, ಕಂಕುಳಿಗೆ ಕೈಕೊಟ್ಟು ಇಳಿಸಿದ. ರಾಪೋಲಾಸನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನನ್ನ ಹಿಂಡು..." ಎಂದ.

"ನೋಡಿದೆ. ಆ ಕಡೆ ಹೋಯ್ತು. ಲಿಂಡೆನ್ ಮರದ ಹಿಂದೆ."

ಇಬ್ಬರೂ ಸೌತೆಯ ಸಾಲುಗಳ ನಡುವೆ ಹೊರಟರು. ಅವಸರದಲ್ಲೂ ರಾಪೋಲಾಸನ ಕಣ್ಣು ಬಳ್ಳಿಗಳ ಮೇಲೆ ಹೋಯಿತು. ಎಲೆಗಳಲ್ಲಿ ಬಿಳಿಯ ಬೂಷ್ಟು, ತೂತು. ಕಾಯಿ ಅಷ್ಟಕ್ಕಷ್ಟೆ, ಕೆಲವು ಸೊಟ್ಟ. ಜೆನೋನಾಸನ ಹೊಲವೆಂದರೆ ಮೊದಲೆಲ್ಲ ಕನ್ನಡಿಯ ಹಾಗಿರುತ್ತಿತ್ತು.

"ಔಷಧಿ ಹೊಡೀತಿಲ್ವಾ?" ಕೇಳಬಾರದೆಂದುಕೊಂಡರೂ ಬಾಯಿಂದ ಬಂದುಬಿಟ್ಟಿತು.

"ಆ ವರ್ಷದಿಂದ ಇಲ್ಲ."

"ಬೆಳೆ?"

"ಹುಳ ತಿಂದು ಮಿಕ್ಕಿದ್ದು ನಂಗೆ" ಎಂದು ಜೆನೋನಾಸ್ ನಗಲು ನೋಡಿದ. ಸರಿಯಾಗಿ ಬರಲಿಲ್ಲ.

ಲಿಂಡೆನ್ ಮರದ ಹಿಂದೆ ಬಂದ ರಾಪೋಲಾಸ್ ಅಲ್ಲೇ ನಿಂತುಬಿಟ್ಟ. ನೆರಳಿನಲ್ಲಿ, ನಾಲ್ಕು ಕಲ್ಲಿನ ಮೇಲೆ, ಒಂದು ಜೇನುಪೆಟ್ಟಿಗೆ ಕೂತಿತ್ತು. ಹಳದಿ ಬಣ್ಣ ಹೊಸದು. ಆದರೆ ಮುಂದಿನ ಹಲಗೆಯ ಮೇಲೆ ಕೆತ್ತಿದ ಸೂರ್ಯ ಹೊಸದಲ್ಲ. ಅದರ ಒಂದು ಕಿರಣ ಮೋಟು. ಕೆತ್ತುವಾಗ ಉಳಿ ಜಾರಿ ಅಪ್ಪನ ಹೆಬ್ಬೆರಳು ಕೊಯ್ದದ್ದು, ಅಮ್ಮ ಬೈದದ್ದು ರಾಪೋಲಾಸನಿಗೆ ಕಣ್ಣಿಗೆ ಕಟ್ಟಿದಂತಿತ್ತು. ವಿಷ ತಾಗಿದ ನಾಲ್ಕೂ ಪೆಟ್ಟಿಗೆಗಳನ್ನು ಅವನು ಸುಡಲೆಂದು ಬೇಲಿಯ ಹೊರಗೆ ಬಿಸಾಕಿದ್ದ. ಸುಡುವಾಗ ಎಣಿಸಲು ಹೋಗಿರಲಿಲ್ಲ.

ಪೆಟ್ಟಿಗೆಯ ಪಕ್ಕ ಒಂದು ತಟ್ಟೆಯಲ್ಲಿ ನೀರು, ನೀರಿನಲ್ಲಿ ಹುಳಗಳು ಕೂತು ಕುಡಿಯಲು ಬೆಣಚುಕಲ್ಲು. ಹಿಂಡು ಮುಂದಿನ ಹಲಗೆಯ ಮೇಲೆ ಇಳಿದು, ಸಂತೆ ಮುಗಿಸಿ ಮನೆಗೆ ಬಂದವರ ಹಾಗೆ ಸಾಲು ಹಿಡಿದು ಒಳಗೆ ನಡೆಯುತ್ತಿತ್ತು.

"ಬೂದಿನೀರಲ್ಲಿ ಉಜ್ಜಿದೆ" ಎಂದ ಜೆನೋನಾಸ್. "ಎಷ್ಟು ಸಲ ಅಂತ ಕೇಳಬೇಡ. ಆಮೇಲೆ ಎರಡು ಚಳಿಗಾಲ ಗಾಳಿಗೆ ಬಿಟ್ಟೆ. ಹೋದ ವರ್ಷಾನೂ ಇಟ್ಟಿದ್ದೆ, ಒಂದು ಹುಳಾನೂ ತಿರುಗಿ ನೋಡಲಿಲ್ಲ."

ರಾಪೋಲಾಸ್ ಪೆಟ್ಟಿಗೆಯ ಮೂಲೆಯನ್ನು ಉಗುರಿನಿಂದ ಕೆರೆದು ಮೂಸಿದ.

"ಅವತ್ತು ಮಧ್ಯಾಹ್ನ ಹೊಡೀಬಾರದಿತ್ತು ಕಣೋ. ಸಂಜೆ ತನಕ ಕಾಯೋ ತಾಳ್ಮೆ ಇರಲಿಲ್ಲ ನಂಗೆ. ಆ ಡಬ್ಬೀನೂ ತರಬಾರದಿತ್ತು. ಏನು ಮಾಡ್ಬೇಕು ಅಂತಾನೇ ತೋಚಲಿಲ್ಲ, ದೇವರಾಣೆಗೂ." ಅವನು ಕೈಯಲ್ಲಿದ್ದ ಬುಟ್ಟಿಯನ್ನು ಮುಂದೆ ಚಾಚಿದ, ಬೇಲಿಯ ಹತ್ತಿರ ಬಿದ್ದಿದ್ದನ್ನು ಎತ್ತಿಕೊಂಡು ಬಂದಿದ್ದ. "ತಗೋ. ನೀನು ಬೆನ್ನು ಬಿಡದೆ ಬಂದಿದ್ದೀಯ, ಕಣ್ಣು ತಪ್ಪಿದಾಗ ನಾನು ನೋಡಿದ್ದೀನಿ. ಹಿಂಡು ನಿಂದೇ. ನಾನು ಬೇಕಾದ್ರೆ ಪೆಟ್ಟಿಗೆ ಹಿಡ್ಕೋತೀನಿ."

ರಾಪೋಲಾಸ್ ಬುಟ್ಟಿ ತೆಗೆದುಕೊಂಡ. ಮುಚ್ಚಳ ತೆಗೆದು, ಎರಿಗಳನ್ನು ಎತ್ತಿ, ಒಮ್ಮೆ ಜಾಡಿಸಿದರೆ ಅರ್ಧ ಗಂಟೆಯ ಕೆಲಸ. ಅಪ್ಪನ ವಂಶ ಮರಳಿ ಅವನ ಅಂಗಳದಲ್ಲಿರುತ್ತದೆ. ಜೇನುಹುಳಕ್ಕೆ ವಿಷದ ವಾಸನೆ ಮನುಷ್ಯನಿಗಿಂತ ಮೊದಲು ಗೊತ್ತಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಅವನು ಬಾಗಿ ಪೆಟ್ಟಿಗೆಯ ಬಾಯಿಯನ್ನೇ ನೋಡಿದ. ಒಂದು ಹುಳವೂ ಹಿಂಜರಿಯಲಿಲ್ಲ. ಬಾಲ ಎತ್ತಿ, ರೆಕ್ಕೆ ಬೀಸಿ, ಹಿಂದಿನವರನ್ನು ಬನ್ನಿ ಬನ್ನಿ ಎಂದು ಕರೆಯುತ್ತಿದ್ದವು.

ಅವನು ಬುಟ್ಟಿಯನ್ನು ಕೆಳಗಿಟ್ಟ.

"ಬಾಯಿ ಅಗಲ ಆಯ್ತು" ಎಂದ ಒರಟಾಗಿ. "ಇಷ್ಟಗಲ ಬಿಟ್ರೆ ಕಣಜದ ಹುಳ ನುಗ್ತದೆ. ಒಂದು ಕಡ್ಡಿ ಇಟ್ಟು ಸಣ್ಣದು ಮಾಡು."

"ಯಾಕೆ ನಾನು?"

"ನಿನ್ನ ಮನೇಲಿರೋ ಜೇನಿಗೆ ಮತ್ಯಾರು ಮಾಡ್ತಾರೆ, ನಿಮ್ಮಪ್ಪನಾ?"

ಜೆನೋನಾಸ್ ಲಿಂಡೆನ್ ಮರದ ತುದಿ ನೋಡಿದ. "ನಂಗೆ ಇದರ ತಲೆಬುಡ ಗೊತ್ತಿಲ್ವಲ್ಲೋ" ಎಂದ, ನೆಲದಲ್ಲಿ ಕಡ್ಡಿ ಹುಡುಕುತ್ತ.

"ಗೊತ್ತಿಲ್ಲ ಅಂತ ನಂಗೊತ್ತಿಲ್ವಾ? ನಾಳೆ ಬರ್ತೀನಿ."

ಈ ಸಲ ರಾಪೋಲಾಸ್ ಬೇಲಿ ಹತ್ತಲಿಲ್ಲ, ರಸ್ತೆಯಿಂದಲೇ ಸುತ್ತಿಕೊಂಡು ಬಂದ. ಜೇನು ತೆಗೆಯುತ್ತಿದ್ದ ಕೊಟ್ಟಿಗೆಯ ಬಾಗಿಲಲ್ಲಿ ವಾಲೇರಿಯಾ ಕಾದಿದ್ದಳು. ಬರಿಗೈಯಲ್ಲಿ ಬಂದವನನ್ನು, ಪ್ಯಾಂಟಿಗೆ ಮೊಳೆ ಮಾಡಿದ ತೂತನ್ನು, ಮುಖವನ್ನು ಒಂದೊಂದಾಗಿ ನೋಡಿದಳು. ಎಲ್ಲಿ ಎಂದು ಕೇಳಲಿಲ್ಲ. ಬೇಲಿಯ ಸಂದಿನಿಂದ ಅವಳಿಗೆ ಕಾಣಬೇಕಾದದ್ದೆಲ್ಲ ಕಂಡಿತ್ತು.

ಅವನು ಗೋಡೆಯ ಮೇಲಿನ ಮರದ ಸೌಟಿಗೆ ಕೈ ಹಾಕಿದ.

"ತಡಿ" ಎಂದಳು ಅವಳು. ಹತ್ಯಾರದ ಪೆಟ್ಟಿಗೆಯಿಂದ ಇಕ್ಕಳವನ್ನು ಹುಡುಕಿ ಅವನ ಕೈಗೆ ಕೊಟ್ಟಳು. "ಮೊದಲು ಇದು. ಸೌತೆಕಾಯಿ ಮಡಿಲಲ್ಲಿಟ್ಕೊಂಡು ಅವನೂ ಬೇಲಿ ಹತ್ತಬೇಕಾ?"

ಮೊಳೆಗಳು ತುಕ್ಕು ಹಿಡಿದಿದ್ದವು. ಸಿಟ್ಟಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಹೊಡೆದಿದ್ದ. ಒಂದೊಂದೂ ಕಿರುಚಿಕೊಂಡು ಹೊರಗೆ ಬಂತು. ಕೊನೆಯದರ ತಲೆ ಮುರಿಯಿತು, ಮುಂಡ ಹಲಗೆಯಲ್ಲೇ ಉಳಿಯಿತು. ರಾಪೋಲಾಸ್ ಅದನ್ನು ಇಕ್ಕಳದ ಬೆನ್ನಿನಿಂದ ಬಡಿದು ಒಳಗೆ ಬಗ್ಗಿಸಿ, ಯಾರಿಗೂ ತಾಗದ ಹಾಗೆ ಮಾಡಿದ. ಗೇಟನ್ನು ಒಮ್ಮೆ ತೆರೆದು ಮುಚ್ಚಿ ನೋಡಿದ.

ಆಮೇಲೆ ಬಕೆಟ್ಟು ತಲೆಕೆಳಗು ಮಾಡಿ ಸೌಟಿನಿಂದ ಬಡಿದ. ಮೊದಲ ಏಟು ಮೆಲ್ಲಗೆ ಬಿತ್ತು, ತನಗೇ ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ. ಎರಡನೆಯದಕ್ಕೆ ಹೆದರಿ ಹಂದಿ ಗುಟುರು ಹಾಕಿತು. ಬೇಲಿಯಾಚೆ ಸದ್ದಿಲ್ಲ. ವಾಲೇರಿಯಾ ಬ್ರೆಡ್ಡಿನ ಚೂರುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಳು. ಮೇಜಿನ ಮೇಲೆ ಬೆಚ್ಚಗಿನ ಜೇನಿನ ಬೋಗುಣಿ, ಖಾಲಿ ತಟ್ಟೆ, ಚಾಕು.

ಅಷ್ಟರಲ್ಲಿ ಆಚೆ ಗಾಜಿನಮನೆಯ ಬಾಗಿಲು ಕಿರ್ರೆಂದಿತು. ಮತ್ತೆ ಸ್ವಲ್ಪ ಹೊತ್ತಿಗೆ, ಸೌತೆಯ ಸಾಲುಗಳ ಕಡೆಯಿಂದ, ಯಾವುದೆಂದು ಹೇಳಲಾಗದ ಹಾಡೊಂದು ಗೇಟಿನತ್ತ ಬರತೊಡಗಿತು.